ನಾಯಿ ಇರುವ ಮನೆಯಲ್ಲಿ ಯಾವ ಗಿಡ ಎಲ್ಲಿರಬೇಕು?

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ ಬೆಳಿಗ್ಗೆ ವಾಕಿಂಗ್ ಹೋದರೆ ಕಾಂಪೌಂಡ್ ಪಕ್ಕ ಕಣಗಿಲೆ, ಗೇಟಿನ ಬಳಿ ಸೈಕಾಸ್ ಕುಂಡ, ಒಳಗೆ ಬೊಗಳುವ ಒಂದು ನಾಯಿ, ಇಷ್ಟೂ ಇರುವ ಮನೆಗಳು ಕಣ್ಣಿಗೆ ಬೀಳುತ್ತವೆ. ಆ ಎರಡೂ ಗಿಡ ನಾಯಿಯ ಜೀವ ತೆಗೆಯಬಲ್ಲವು ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಮನೆಯನ್ನು ಸರಿಮಾಡಿಕೊಳ್ಳಬಹುದು.

1. ಬಗ್ಗಿ ನೋಡಿ

ಮನೆಯ ಸುತ್ತ, ಟೆರೇಸು, ಬಾಲ್ಕನಿ ಎಲ್ಲಾ ಕಡೆ ಒಂದು ಸುತ್ತು ಹಾಕಿ. ನಿಂತು ನೋಡಿದರೆ ಸಾಲದು, ನಾಯಿಯ ಮೂತಿ ಎಟಕುವ ಎತ್ತರಕ್ಕೆ ಬಗ್ಗಿ ನೋಡಬೇಕು. ಪ್ರತಿ ಗಿಡದ ಫೋಟೊ ತೆಗೆದಿಡಿ. ಹೆಸರು ಗೊತ್ತಿಲ್ಲದ್ದನ್ನು ನರ್ಸರಿಯವರಿಗೆ ತೋರಿಸಿ ಕೇಳಿ. ಹಲ್ಲು ಬರುವ ಮರಿ ಇದ್ದರಂತೂ ಈ ಕೆಲಸ ಮುಂದೂಡಬೇಡಿ, ಸಿಕ್ಕಿದ್ದೆಲ್ಲಾ ಕಚ್ಚುವ ವಯಸ್ಸು ಅದು.

2. ಇವನ್ನು ತೆಗೆದೇಬಿಡಿ

ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಒಣಗಿದ ಎಲೆಯಲ್ಲೂ ವಿಷ ಹಾಗೇ ಉಳಿಯುತ್ತದೆ. ಹಳದಿ ಕಣಗಿಲೆ, ಕುಂಡದಲ್ಲಿ ಚೆಂದಕ್ಕೆ ಇಡುವ ಅಡೀನಿಯಂ ಕೂಡ ಇದೇ ಸಾಲಿಗೆ ಸೇರುತ್ತವೆ.

ಸೈಕಾಸ್ ಅದಕ್ಕಿಂತ ಮೋಸ. ನೋಡಲು ಪುಟ್ಟ ತಾಳೆ ಗಿಡದ ಹಾಗಿರುತ್ತದೆ. ಗಿಡವೆಲ್ಲಾ ವಿಷವೇ, ಅದರಲ್ಲೂ ಬೀಜ ಜಾಸ್ತಿ ಅಪಾಯ. ಒಂದೆರಡು ಬೀಜ ತಿಂದರೂ ನಾಯಿ ಉಳಿಯುವುದು ಕಷ್ಟವಾಗಬಹುದು.

ಪಕ್ಕದ ಖಾಲಿ ಸೈಟಿನಿಂದ ಹರಳು, ಉಮ್ಮತ್ತಿ ನಿಮ್ಮ ಅಂಗಳಕ್ಕೂ ಬಂದು ಹುಟ್ಟಿರಬಹುದು. ಬೇರುಸಹಿತ ಕಿತ್ತುಬಿಡಿ.

ಕೀಳುವಾಗ ಕೈಗೆ ಗ್ಲೌಸ್ ಇರಲಿ. ಕಣಗಿಲೆ ಸುಡಬೇಡಿ, ಹೊಗೆಯೂ ಕೆಟ್ಟದ್ದು. ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಕಸದ ಗಾಡಿಗೆ ಕೊಡಿ. ರಸ್ತೆ ಬದಿಗೆ ಎಸೆದರೆ ಹಸು ಬಾಯಿ ಹಾಕುತ್ತದೆ, ಅದಕ್ಕೂ ಇದು ವಿಷವೇ. ಖಾಲಿಯಾದ ಜಾಗಕ್ಕೆ ಮಲ್ಲಿಗೆ, ದಾಸವಾಳ, ಗುಲಾಬಿ ಹಾಕಿ. ಕುಂಡಕ್ಕೆ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್ ಆಗುತ್ತದೆ.

3. ಇವನ್ನು ಮೇಲಕ್ಕೆ ಇಡಿ

ಮನಿ ಪ್ಲಾಂಟ್, ಡಿಫೆನ್‌ಬಾಕಿಯಾ, ಪೀಸ್ ಲಿಲಿ, ಸಿಂಗೋನಿಯಂ. ಇವುಗಳ ಎಲೆಯಲ್ಲಿ ಸೂಜಿಯಂಥ ಸಣ್ಣ ಸ್ಫಟಿಕಗಳಿರುತ್ತವೆ. ಕಚ್ಚಿದ ತಕ್ಷಣ ಬಾಯಿ ಉರಿದು, ನಾಯಿ ಜೊಲ್ಲು ಸುರಿಸುತ್ತಾ ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತದೆ. ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಆದರೆ ಗಂಟಲು ಊದಿಕೊಂಡು ಉಸಿರಿಗೆ ಕಷ್ಟವಾದರೆ ತಡಮಾಡಬೇಡಿ. ಲೋಳೆಸರ ತಿಂದರೆ ವಾಂತಿ, ಭೇದಿ. ಮನಿ ಪ್ಲಾಂಟ್ ಮೇಲಿಟ್ಟರೂ ಬಳ್ಳಿ ಕೆಳಗೆ ಇಳಿಯುತ್ತದೆ, ಆಗಾಗ ಕತ್ತರಿಸಿ.

4. ನಿರ್ಮಾಲ್ಯ ಮತ್ತು ಹಿಂಡಿ

ಇಲ್ಲೇ ನಾವು ಎಚ್ಚರ ತಪ್ಪುವುದು. ಮನೆಯಲ್ಲಿ ಕಣಗಿಲೆ ಗಿಡ ಇಲ್ಲದಿದ್ದರೂ ಹೂವು ಬುಟ್ಟಿಯಲ್ಲಿ ಬರುತ್ತದೆ. ದೇವರಿಗೆ ಏರಿಸಿದ ಕಣಗಿಲೆ, ಗಣೇಶನಿಗೆ ಹಾಕಿದ ಎಕ್ಕದ ಹಾರ, ಶಿವನ ಪೂಜೆಯ ಉಮ್ಮತ್ತಿ ಎಲ್ಲವೂ ಮರುದಿನ ಗಿಡದ ಬುಡಕ್ಕೆ ಹೋಗುತ್ತವೆ, ಅಲ್ವಾ? ತುಳಿಯದ ಜಾಗಕ್ಕೆ ಹಾಕಬೇಕು ಅನ್ನುವುದು ನಮ್ಮ ಲೆಕ್ಕ. ನಾಯಿಗೆ ಆ ಲೆಕ್ಕ ಇಲ್ಲ. ತುಪ್ಪವೋ ಪಂಚಾಮೃತವೋ ತಾಗಿದ ಹೂವಾದರೆ ಮೂಸಿಕೊಂಡು ಬಂದೇ ಬರುತ್ತದೆ. ನಿರ್ಮಾಲ್ಯಕ್ಕೆ ಮುಚ್ಚಳ ಇರುವ ಬಕೆಟ್ ಇಡಿ.

ಗೊಬ್ಬರದ ಚೀಲವನ್ನೂ ನೋಡಿ. ಗುಲಾಬಿಗೆ ಹಾಕುವ ಹರಳು ಹಿಂಡಿಯ ವಾಸನೆ ನಾಯಿಗೆ ಇಷ್ಟ, ಮಣ್ಣು ಕೆದಕಿ ತಿನ್ನುತ್ತದೆ. ಅದರಲ್ಲಿ ಹರಳು ಬೀಜದ ವಿಷ ಉಳಿದಿರಬಹುದು. ಬದಲಿಗೆ ಬೇವಿನ ಹಿಂಡಿ ಬಳಸಿ, ಮಿಶ್ರ ಹಿಂಡಿಯಾದರೆ ಏನೇನು ಬೆರೆಸಿದ್ದಾರೆ ಅಂತ ಕೇಳಿ ತನ್ನಿ. ಮಳೆಗಾಲದಲ್ಲಿ ಬಸವನಹುಳುವಿಗೆ ಇಡುವ ಮಾತ್ರೆ ನಾಯಿ ಇರುವ ಮನೆಗೆ ಬೇಡವೇ ಬೇಡ.

5. ತಿಂದೇಬಿಟ್ಟರೆ

ಬಾಯಲ್ಲಿ ಉಳಿದದ್ದನ್ನು ತೆಗೆದು, ನೀರಿನಿಂದ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ವಿಷವಾಗಬಹುದು. ಎಣ್ಣೆ, ಹಾಲು ಕುಡಿಸುವುದೂ ಬೇಡ. ವಾಂತಿ ಮಾಡಿಸಬೇಕೋ ಬೇಡವೋ ಅನ್ನುವುದನ್ನು ಪಶುವೈದ್ಯರೇ ಹೇಳಲಿ. ಫೋನ್ ಮಾಡಿ ಹೊರಡಿ. ಗಿಡದ ಒಂದು ರೆಂಬೆ ಅಥವಾ ಫೋಟೊ ಜೊತೆಗಿರಲಿ. ಎಷ್ಟು ಹೊತ್ತಿಗೆ ತಿಂದಿತು, ಸುಮಾರು ಎಷ್ಟು ತಿಂದಿತು, ನಾಯಿಯ ತೂಕ ಎಷ್ಟು, ಈ ಮೂರನ್ನು ಅವರು ಕೇಳುತ್ತಾರೆ. ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು ಅಂತ ಇವತ್ತೇ ವಿಚಾರಿಸಿ, ನಂಬರ್ ಫೋನಿನಲ್ಲಿ ಹಾಕಿಕೊಳ್ಳಿ.

ವಾಂತಿಯಾಗಲಿ ನೋಡೋಣ ಅಂತ ಸುಮ್ನೆ ಕಾಯಬೇಡಿ. ಹರಳು ಬೀಜದ ಲಕ್ಷಣ ಕಾಣಿಸಲು ಒಂದೆರಡು ದಿನವೂ ಹಿಡಿಯಬಹುದು. ಸೈಕಾಸ್ ತಿಂದ ನಾಯಿ ವಾಂತಿ ಮಾಡಿಕೊಂಡು ಸಂಜೆಗೆ ಗೆಲುವಾಗಿ ಕಂಡರೂ ಎರಡು-ಮೂರು ದಿನದಲ್ಲಿ ಲಿವರ್ ಕೈಕೊಡಬಹುದು. ಹಾಗಾಗಿ ರಕ್ತ ಪರೀಕ್ಷೆಗೆ ವೈದ್ಯರು ಮತ್ತೆ ಕರೆದರೆ ತಪ್ಪದೆ ಹೋಗಿ.