ಹಳೇ ಜಿಪ್ಸಿಯ ಮುಂದಿನ ಆಕ್ಸಲ್ ಮರೀಬೇಡಿ

ಬೆಂಗಳೂರಿನಲ್ಲಿ ಹಳೇ ಜಿಪ್ಸಿಯೋ ಮಹೀಂದ್ರ ಜೀಪೋ ಇಟ್ಟುಕೊಂಡಿರುವ ಎಷ್ಟೋ ಜನ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ಫೋರ್ ವೀಲ್ ಲಿವರ್ ಮುಟ್ಟುವುದೇ ಇಲ್ಲ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸೋಕೆ ಅದು ಬೇಡ, ನಿಜ. ಆದರೆ ಎಂಜಿನ್ ಆಯಿಲ್ ಬದಲಾಯಿಸಿ, ಮುಂದಿನ ಡಿಫರೆನ್ಶಿಯಲ್ಲನ್ನೂ (ಆಕ್ಸಲ್‌ನಲ್ಲಿ ಎಡ-ಬಲ ಚಕ್ರಗಳಿಗೆ ಬಲ ಹಂಚುವ ಗೇರ್‌ಗಳು) ಟ್ರಾನ್ಸ್‌ಫರ್ ಕೇಸನ್ನೂ (ಹಿಂದಿನ, ಮುಂದಿನ ಆಕ್ಸಲ್‌ಗೆ ಬಲ ಕಳಿಸುವ ಪೆಟ್ಟಿಗೆ) ಮರೆತುಬಿಡುತ್ತಾರೆ. ನಾನೂ ಮರೆತಿದ್ದೆ. ಒಂದು ಮಳೆಗಾಲ ಕಳೆದ ಮೇಲೆ ಮುಂದಿನ ಡ್ರೇನ್ ಪ್ಲಗ್ ಬಿಚ್ಚಿದರೆ, ಹಾಲು ಹಾಕಿದ ಕಾಫಿಯಂಥ ಆಯಿಲ್ ಸುರಿಯಿತು. ನೀರು ಸೇರಿತ್ತು.

ಕಾರಣ ಬ್ರೀದರ್. ಆಕ್ಸಲ್ ಮೇಲಿರುವ ಈ ಪುಟ್ಟ ಕಿಂಡಿ ಮಣ್ಣು ಕಟ್ಟಿಕೊಂಡಿದ್ದಾಗ, ಓಡಿ ಬಿಸಿಯಾದ ಆಕ್ಸಲ್ ಅಂಡರ್‌ಪಾಸ್ ನೀರಿಗೆ ಇಳಿದರೆ, ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತದೆ, ಬೇರೆ ದಾರಿಯಿಲ್ಲದೆ ಆಯಿಲ್ ಸೀಲ್ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಮಳೆಗಾಲಕ್ಕೆ ಮೊದಲು ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ. ಹತ್ತು ನಿಮಿಷದ ಕೆಲಸ.

ಆಯಿಲ್ ಬದಲಾಯಿಸೋಕೆ ಸಮತಟ್ಟಾದ ಜಾಗವೇ ಬೇಕು, ಇಳಿಜಾರಲ್ಲಿ ಅಳತೆ ತಪ್ಪುತ್ತದೆ. ಜಿಪ್ಸಿ ಎತ್ತರದ ಗಾಡಿ, ಜಾಕ್ ಇಲ್ಲದೆಯೇ ಕೆಳಗೆ ತೂರಬಹುದು. ಎತ್ತಲೇಬೇಕಾದರೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಇನ್ನೊಂದು ಮಾತು ತುಂಬ ಜನರಿಗೆ ಗೊತ್ತಿಲ್ಲ: ಟ್ರಾನ್ಸ್‌ಫರ್ ಲಿವರ್, ಅಂದರೆ ಅದೇ ಫೋರ್ ವೀಲ್ ಲಿವರ್, ನ್ಯೂಟ್ರಲ್‌ನಲ್ಲಿದ್ದರೆ, ಗೇರ್ ಹಾಕಿ ನಿಲ್ಲಿಸಿದ್ದರೂ ಗಾಡಿ ಮುಂದಕ್ಕೋ ಹಿಂದಕ್ಕೋ ಉರುಳಿಬಿಡಬಹುದು. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ.

ಒಂದು ಸುತ್ತು ಓಡಿಸಿ ಬನ್ನಿ, ಬಿಸಿಯಾದ ಆಯಿಲ್ ಪೂರ್ತಿ ಇಳಿಯುತ್ತದೆ. ಮೊದಲು ಬಿಚ್ಚಬೇಕಾದದ್ದು ಆಯಿಲ್ ತುಂಬುವ ಮೇಲಿನ ಫಿಲ್ಲರ್ ಪ್ಲಗ್, ಕೆಳಗಿನ ಡ್ರೇನ್ ಪ್ಲಗ್ ಅಲ್ಲ. ಆಯಿಲ್ ಎಲ್ಲ ಸುರಿಸಿದ ಮೇಲೆ ಫಿಲ್ಲರ್ ಪ್ಲಗ್ ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಂತುಬಿಡುತ್ತದೆ, ಅಲ್ವಾ? ಇಳಿದ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣನೆ ಬೂದು ಪುಡಿ ಸವೆತದ್ದು, ಹೆದರಬೇಡಿ. ಲೋಹದ ಚೂರು ಸಿಕ್ಕರೆ ಗೇರೋ ಬೇರಿಂಗೋ ಒಡೆಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸಿ. ಡಿಫರೆನ್ಶಿಯಲ್‌ಗೆ ಜಿಎಲ್-5 ದರ್ಜೆಯ ಆಯಿಲ್, ಗೇರ್‌ಬಾಕ್ಸ್‌ಗೆ ಜಿಎಲ್-4. ಎರಡಕ್ಕೂ ಒಂದೇ ಡಬ್ಬಿ ಸುರಿಯಬೇಡಿ, ಗೇರ್‌ಬಾಕ್ಸ್ ಒಳಗಿನ ಹಿತ್ತಾಳೆ ರಿಂಗ್‌ಗಳಿಗೆ ಕೆಲವು ಜಿಎಲ್-5 ಆಯಿಲ್ ಒಗ್ಗುವುದಿಲ್ಲ. ಫಿಲ್ಲರ್ ತೂತಿನಿಂದ ಹೊರಗೆ ಜಿನುಗುವವರೆಗೆ ತುಂಬಿದರೆ ಸಾಕು. ಪ್ಲಗ್ ವಾಷರ್ ಹೊಸದೇ ಹಾಕಿ, ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ, ಬಾಯಲ್ಲಿ ಸೈಜ್ ಹೇಳಿದರೆ ಎರಡು ಸಲ ಓಡಾಡಬೇಕಾಗುತ್ತದೆ. ಹಳೇ ಆಯಿಲನ್ನು ದಯವಿಟ್ಟು ಮೋರಿಗೆ ಸುರಿಯಬೇಡಿ, ಗ್ಯಾರೇಜ್‌ಗೆ ಕೊಡಿ.

ಕೆಳಗಿರುವಾಗಲೇ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳನ್ನು (ತುದಿಯ ಕೀಲುಗಳನ್ನು) ಸಡಿಲ ಇದೆಯಾ ಅಂತ ಅಲುಗಿಸಿ ನೋಡಿ. ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಪುಟ್ಟ ಮೂತಿ) ಇದ್ದರೆ ಹಳೇ ಗ್ರೀಸ್ ಹೊರಬರುವವರೆಗೆ ಹೊಡೆಯಿರಿ.

ಆಮೇಲೆ ತಿಂಗಳಿಗೊಮ್ಮೆ ಫೋರ್ ವೀಲ್ ಹಾಕಿ ಒಂದೆರಡು ಕಿಲೋಮೀಟರ್ ಓಡಿಸಿ, ಒಳಗೆಲ್ಲ ಆಯಿಲ್ ಹರಡುತ್ತದೆ. ಹಬ್ ಲಾಕ್ (ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ, ಚಕ್ರದ ಮೇಲಿನ ತಿರುಗುಣಿ) ಇರುವ ಗಾಡಿಯಾದರೆ ಮೊದಲು ಇಳಿದು ಎರಡೂ ಕಡೆ ಲಾಕ್ ಮಾಡಿ. ಒಣಗಿದ ಟಾರ್ ರಸ್ತೆಯಲ್ಲಿ ಮಾತ್ರ ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಉರುಳುತ್ತವೆ, ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಆ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಶಿಯಲ್ ಇಲ್ಲ, ಹಾಗಾಗಿ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕನಕಪುರ ರಸ್ತೆ ಕಡೆ ಹೋದಾಗ ಯಾವುದಾದರೂ ಮಣ್ಣಿನ ದಾರಿಗೆ ಇಳಿಸಿ. ವಾಪಸ್ ತೆಗೆಯುವಾಗ ಲಿವರ್ ಬಿಗಿಯಾಗಿದ್ದರೆ ಬಲವಂತ ಮಾಡಬೇಡಿ, ನಾಲ್ಕೈದು ಮೀಟರ್ ನೇರವಾಗಿ ರಿವರ್ಸ್ ಹೋಗಿ, ಸುಮ್ನೆ ಜಾರಿ ಬರುತ್ತದೆ.