ಹಳೆಯ ಸ್ಪೋರ್ಟ್ಸ್ ಕಾರಿಗೆ ನಾನು ಕೂಲಂಟ್ ಆರಿಸಿದ ಬಗೆ

ನನ್ನ ಕಾರು ಪೋರ್ಷೆ 944. 1982ರಿಂದ 1991ರವರೆಗೆ ತಯಾರಾದ ಈ ಮಾದರಿಯಲ್ಲಿ ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ಎರಡೂ ಅಲ್ಯೂಮಿನಿಯಂನವು. ಸಿಲಿಂಡರ್‌ಗಳಿಗೆ ಪ್ರತ್ಯೇಕ ಲೈನರ್ (ಒಳಗವಚ) ಇಲ್ಲ. ಸಿಲಿಕಾನ್ ಹೆಚ್ಚಿರುವ ಅಲ್ಯೂಮಿನಿಯಂ ಮಿಶ್ರಲೋಹದ ಮೇಲೆಯೇ ಪಿಸ್ಟನ್ ಓಡಾಡುತ್ತದೆ. ಇಂಥ ಎಂಜಿನ್ನಿನೊಳಗೆ ಲೋಹದ ಕೊರೆತ, ಅಂದರೆ ತುಕ್ಕಿನಂತೆ ಲೋಹ ತಿಂದುಹೋಗುವುದು, ಶುರುವಾದರೆ ಅದನ್ನು ಸರಿಪಡಿಸುವುದು ಸುಲಭದ ಮಾತಲ್ಲ. ಆದ್ದರಿಂದ ಹಿಂದಿನ ಮಾಲೀಕರು ಏನು ತುಂಬಿಸಿದ್ದರೆಂಬ ದಾಖಲೆಯಿಲ್ಲದೆ ಕಾರು ಕೈಗೆ ಬಂದಾಗ, ಬೇರೆಲ್ಲ ಕೆಲಸಕ್ಕಿಂತ ಮೊದಲು ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವದ ವಿಚಾರವನ್ನು ಕೈಗೆತ್ತಿಕೊಂಡೆ.

ರೇಡಿಯೇಟರಿನ ಮೇಲಿನ ಹೋಸ್ ಕಳಚಿದಾಗ ಹೆಡ್‌ಗೆ ಅದು ಕೂರುವ ಕೊರಳಿನ ಸುತ್ತ ಬಿಳಿಯ ಹಕ್ಕಳೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿ, ಅದರಡಿ ಲೋಹದಲ್ಲಿ ಸಣ್ಣ ಕುಳಿಗಳು ಕಾಣಿಸಿದವು. ಹೊರಬಂದ ದ್ರವ ಕಂದು ಬಣ್ಣದ್ದು. ಅದು ಮೊದಲು ಹಸಿರಾಗಿತ್ತೋ ಕೆಂಪಾಗಿತ್ತೋ ಹೇಳುವಂತಿರಲಿಲ್ಲ. ತಿಳಿದಿದ್ದರೂ ಹೆಚ್ಚು ಪ್ರಯೋಜನವಾಗುತ್ತಿರಲಿಲ್ಲ. ಏಕೆಂದರೆ ಕೂಲಂಟ್‌ನ ಬಣ್ಣಕ್ಕೆ ಎಲ್ಲರೂ ಒಪ್ಪಿದ ಮಾನದಂಡವೆಂಬುದಿಲ್ಲ, ತಯಾರಕರು ತಮಗೆ ಬೇಕಾದ ಬಣ್ಣ ಬೆರೆಸುತ್ತಾರೆ. ಬಣ್ಣ ನೋಡಿ ಕೂಲಂಟ್ ಕೊಳ್ಳುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ನೋಡಬೇಕಾದದ್ದು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು.

ಹೆಚ್ಚಿನ ಕೂಲಂಟ್‌ಗಳ ಮೂಲದ್ರವ್ಯ ಒಂದೇ, ಎಥಿಲೀನ್ ಗ್ಲೈಕಾಲ್. ವ್ಯತ್ಯಾಸವಿರುವುದು ಲೋಹವನ್ನು ಕಾಯುವ ರಾಸಾಯನಿಕಗಳಲ್ಲಿ. ಹಳೆಯ ಬಗೆಯಲ್ಲಿ ಸಿಲಿಕೇಟ್, ಫಾಸ್ಫೇಟ್, ಬೋರೇಟ್‌ಗಳಂಥ ಲವಣಗಳಿರುತ್ತವೆ. ಸಿಲಿಕೇಟ್ ಅಲ್ಯೂಮಿನಿಯಂ ಮೇಲೆ ಬಹುಬೇಗ ರಕ್ಷಾಪದರ ಕಟ್ಟುತ್ತದೆ, ಆದರೆ ಬಳಕೆಯಲ್ಲಿ ಕರಗಿಹೋಗುವುದರಿಂದ ಸುಮಾರು 2 ವರ್ಷಕ್ಕೊಮ್ಮೆ ಕೂಲಂಟ್ ಬದಲಿಸಬೇಕಾಗುತ್ತದೆ. 1990ರ ದಶಕದಲ್ಲಿ ಹರಡಿದ ಸಾವಯವ ಆಮ್ಲದ ಬಗೆ ಕೊರೆತ ಶುರುವಾಗುವ ಜಾಗದಲ್ಲಷ್ಟೇ ಕೆಲಸ ಮಾಡುವುದರಿಂದ 5 ವರ್ಷದವರೆಗೂ ಬಾಳುತ್ತದೆ. ಆದರೆ ಅದು ರಕ್ಷಣೆ ನೀಡಲು ಆರಂಭಿಸುವುದು ನಿಧಾನ. ಜೊತೆಗೆ, ಅದರ ಹಲವು ಸೂತ್ರಗಳಲ್ಲಿರುವ 2-ಎಥಿಲ್ ಹೆಕ್ಸನಾಯಿಕ್ ಆಮ್ಲ ಕೆಲವು ಹಳೆಯ ಸೀಲ್ ಮತ್ತು ಗ್ಯಾಸ್ಕೆಟ್‌ಗಳನ್ನು ಮೆದುವಾಗಿಸಬಲ್ಲದು. ನನ್ನ ಕಾರಿನ ಸೀಲ್‌ಗಳು ಆ ದ್ರವವನ್ನು ಕಂಡು ತಯಾರಾದವಲ್ಲ. ಹೆಚ್ಚು ವರ್ಷ ಬಾಳುತ್ತದೆಂಬ ಒಂದೇ ಕಾರಣಕ್ಕೆ ಅದನ್ನು ಆರಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಫಾಸ್ಫೇಟ್ ವಿಷಯದಲ್ಲಿ ಜಪಾನಿನ ತಯಾರಕರದು ಒಂದು ದಾರಿ, ಯುರೋಪಿನವರದು ಇನ್ನೊಂದು. ಸಿಲಿಕೇಟ್‌ನಿಂದ ನೀರಿನ ಪಂಪಿನ ಸೀಲ್ ಸವೆಯುತ್ತದೆಂದು ಜಪಾನಿನವರು ಫಾಸ್ಫೇಟ್ ಕಡೆಗೆ ವಾಲಿದರು. ಗಡಸು ನೀರಿನೊಡನೆ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆಂದು ಯುರೋಪಿನವರು ಅದನ್ನು ದೂರವಿಟ್ಟರು. 944 ಜರ್ಮನಿಯ ಕಾರಾದ್ದರಿಂದ ನಾನು ಎರಡನೆಯವರ ದಾರಿಯಲ್ಲೇ ನಡೆದೆ: ಫಾಸ್ಫೇಟ್ ಇಲ್ಲದ, ಸಿಲಿಕೇಟ್ ಮತ್ತು ಸಾವಯವ ಆಮ್ಲ ಎರಡೂ ಇರುವ ಮಿಶ್ರ ಬಗೆ. ಫೋಕ್ಸ್‌ವ್ಯಾಗನ್ ಕಂಪನಿಯ ಜಿ 11 ಮಾನದಂಡಕ್ಕೆ ಹೊಂದುವ, ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನ ಗ್ಲೈಸಾಂಟಿನ್ ಜಿ 48 ಈ ಬಗೆಯದು. ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿಯಂಥ, ಎರಕದ ಕಬ್ಬಿಣದ ಬ್ಲಾಕ್ ಮತ್ತು ಹೆಡ್ ಇರುವ, ಸೀಸದ ಬೆಸುಗೆಯ ತಾಮ್ರ-ಹಿತ್ತಾಳೆ ರೇಡಿಯೇಟರಿನ ಕಾರಾಗಿದ್ದರೆ ಹಳೆಯ ಲವಣದ ಬಗೆಯನ್ನೇ ಹಾಕುತ್ತಿದ್ದೆ. ಆ ಬೆಸುಗೆಗೆ ಸಾವಯವ ಆಮ್ಲದ ಸಹವಾಸ ಒಳ್ಳೆಯದಲ್ಲ.

ಆಯ್ಕೆಯಷ್ಟೇ ಮುಖ್ಯವಾದದ್ದು ಹಳೆಯದನ್ನು ಪೂರ್ತಿ ತೆಗೆಯುವುದು. ಹೊಂದದ ಎರಡು ಬಗೆಗಳು ಬೆರೆತರೆ ಲೋಳೆಯಂಥ ಗಸಿ ಉಂಟಾಗಿ ಹೀಟರ್ ಕೋರಿನ (ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರಿನ) ಸಣ್ಣ ನಾಳಗಳಲ್ಲಿ ಕೂರಬಹುದು. ಬರುವ ನೀರು ತಿಳಿಯಾಗುವ ತನಕ ತೊಳೆದು, ಕೊನೆಯ ಸುತ್ತಿಗೆ ಬಟ್ಟಿ ಇಳಿಸಿದ ನೀರನ್ನೇ ಬಳಸಿದೆ. ತೊಳೆದ ನೀರು ಒಳಗೆ ಸ್ವಲ್ಪ ಉಳಿದೇ ಉಳಿಯುತ್ತದೆ. ಹಾಗಾಗಿ ಮೊದಲೇ ಬೆರೆಸಿಟ್ಟದ್ದನ್ನು ಸುರಿಯದೆ, ಕೈಪಿಡಿ ಹೇಳುವ ಒಟ್ಟು ಅಳತೆಯ ಅರ್ಧದಷ್ಟು ಶುದ್ಧ ಕೂಲಂಟನ್ನು ಮೊದಲು ಹಾಕಿ, ಮಿಕ್ಕದ್ದನ್ನು ಬಟ್ಟಿ ಇಳಿಸಿದ ನೀರಿನಿಂದ ತುಂಬಿಸಿದೆ. ಗ್ಲೈಕಾಲ್ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಅರ್ಧಕ್ಕರ್ಧ ಮಿಶ್ರಣ ಹೆಪ್ಪುಗಟ್ಟುವುದು ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶುದ್ಧ ಗ್ಲೈಕಾಲ್ ಸುಮಾರು ಮೈನಸ್ 13ರಲ್ಲೇ ಹೆಪ್ಪುಗಟ್ಟುತ್ತದೆ. ಶಾಖ ಹೊತ್ತೊಯ್ಯುವುದರಲ್ಲಂತೂ ನೀರಿಗೆ ಸಮನಾದದ್ದಿಲ್ಲ.

ಕುದಿಬಿಂದುವನ್ನು ಏರಿಸುವ ಕೆಲಸದಲ್ಲಿ ಕೂಲಂಟ್ ಟ್ಯಾಂಕಿನ ಮುಚ್ಚಳದ ಪಾಲೇ ದೊಡ್ಡದು. ಅರ್ಧಕ್ಕರ್ಧ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿದರೆ, 1 ಬಾರ್ ಒತ್ತಡ ಹಿಡಿಯುವ ಮುಚ್ಚಳದಡಿ 125 ಡಿಗ್ರಿಯನ್ನೂ ದಾಟುತ್ತದೆ. ನನ್ನ ಕಾರಿನ ಮುಚ್ಚಳದ ರಬ್ಬರ್ ಬಿರುಕುಬಿಟ್ಟಿತ್ತು, ಅದನ್ನೂ ಬದಲಿಸಿದೆ. ಬಳಿಕ ಕಾರಿನ ಮೂತಿಯನ್ನು ಎತ್ತರಕ್ಕಿರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮೇಲಿನ ಹೋಸ್ ಸೇರುವಲ್ಲಿರುವ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ದ್ರವ ಒಂದೇ ಧಾರೆಯಾಗಿ ಬರುವವರೆಗೆ ಕಾದೆ.

ಈಗ ಆಗಾಗ ರಿಫ್ರ್ಯಾಕ್ಟೋಮೀಟರಿನಿಂದ (ದ್ರವದಲ್ಲಿ ಬೆಳಕು ಬಾಗುವುದನ್ನು ಅಳೆಯುವ ಉಪಕರಣ) ಮಿಶ್ರಣದ ಪ್ರಮಾಣ ನೋಡುತ್ತೇನೆ. ವೋಲ್ಟ್ ಮೀಟರಿನ ಒಂದು ತುದಿಯನ್ನು ಕೂಲಂಟ್‌ನಲ್ಲಿ ಅದ್ದಿ, ಇನ್ನೊಂದನ್ನು ಬ್ಯಾಟರಿಯ ಋಣ ಧ್ರುವಕ್ಕೆ ಮುಟ್ಟಿಸಿಯೂ ಪರೀಕ್ಷಿಸುತ್ತೇನೆ, 0.1 ವೋಲ್ಟ್‌ನೊಳಗಿದ್ದರೆ ಸಮಾಧಾನ, 0.3 ದಾಟಿದರೆ ಕೂಲಂಟ್ ಹಳಸಿದೆ ಅಥವಾ ಅರ್ತಿಂಗ್ ಸಡಿಲವಾಗಿದೆ ಎಂದು ತಿಳಿಯುತ್ತೇನೆ. ಡಬ್ಬಿಯ ಮೇಲೆ ಎಷ್ಟೇ ವರ್ಷ ಬರೆದಿರಲಿ, 2 ವರ್ಷಕ್ಕೆ ಬದಲಿಸುತ್ತೇನೆ. ತೆಗೆದ ದ್ರವವನ್ನು ಬಿಗಿ ಮುಚ್ಚಳದ ಕ್ಯಾನಿಗೆ ತಕ್ಷಣ ತುಂಬಿಸಿ, ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವವರಿಗೆ ಒಪ್ಪಿಸುತ್ತೇನೆ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ತಟ್ಟೆಯಲ್ಲಿ ತೆರೆದಿಟ್ಟರೆ ನಾಯಿ ಬೆಕ್ಕುಗಳು ನೆಕ್ಕುತ್ತವೆ.