ಮದ್ದಿಗಿಂತ ಮೊದಲು ಮಾದರಿ: ಸೋಂಕುರೋಗವನ್ನು ಗುರುತಿಸಿ ಚಿಕಿತ್ಸೆ ಮಾಡುವ ಕ್ರಮ

ಜ್ವರ ಬಂದ ಕೂಡಲೇ ಆ್ಯಂಟಿಬಯೊಟಿಕ್ ಮಾತ್ರೆ ನುಂಗಿ, ಮೂರು ದಿನವಾದರೂ ಜ್ವರ ಇಳಿಯದಿದ್ದಾಗ ರಕ್ತಪರೀಕ್ಷೆಗೆ ಬರುವವರು ಬಹಳ ಮಂದಿ. ಕೆಚ್ಚಲು ಬಾವು ಬಂದ ಹಸುವಿನ ವಿಷಯದಲ್ಲಿಯೂ ಹೀಗೆಯೇ ಆಗುತ್ತದೆ. ಎರಡು ಚುಚ್ಚುಮದ್ದು ಮುಗಿದ ಮೇಲೆ ಹಾಲಿನ ಸೀಸೆ ಪ್ರಯೋಗಾಲಯಕ್ಕೆ ಬರುತ್ತದೆ. ಆ ಹೊತ್ತಿಗೆ ಔಷಧದ ಅಂಶ ಮಾದರಿಯಲ್ಲಿಯೂ ಸೇರಿಕೊಂಡಿರುವುದರಿಂದ ರೋಗಾಣು ತಟ್ಟೆಯ ಮೇಲೆ ಬೆಳೆಯದೆ ಹೋಗಬಹುದು, ಆದರೆ ರೋಗಿಯ ಮೈಯಲ್ಲಿ ಅದು ಉಳಿದೇ ಇರುತ್ತದೆ. ‘ಬೆಳವಣಿಗೆ ಇಲ್ಲ’ ಎಂಬ ಅಂಥ ವರದಿಗೆ ಸಹಿ ಹಾಕುವಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಮೊದಲ ಡೋಸಿಗೆ ಮುಂಚೆ ಮಾದರಿ ತೆಗೆದಿದ್ದರೆ ಸಿಗಬಹುದಾಗಿದ್ದ ಉತ್ತರ ಅಲ್ಲಿ ಕೈತಪ್ಪಿರುತ್ತದೆ. ರೋಗಿಯನ್ನೋ ಸಾಕುಪ್ರಾಣಿಯನ್ನೋ ನೋಡಿಕೊಳ್ಳುವವರು ಮತ್ತು ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾವುದರ ನಂತರ ಯಾವುದನ್ನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಔಷಧವನ್ನು ಆರಿಸಿ ಪ್ರಮಾಣ ಹೇಳುವುದು ವೈದ್ಯರ ಮತ್ತು ಪಶುವೈದ್ಯರ ಕೆಲಸ. ಅವರಿಗೆ ನಂಬಬಹುದಾದ ಮಾಹಿತಿ ಮತ್ತು ಮಾದರಿ ಸಿಗುವಂತೆ ನೋಡಿಕೊಳ್ಳುವುದು ಉಳಿದವರೆಲ್ಲರ ಕೆಲಸ.

ಮೊದಲು ಕೇಳಿ ತಿಳಿಯಬೇಕಾದದ್ದು

ಕಾಯಿಲೆ ಎಂದು ಶುರುವಾಯಿತು ಎಂಬುದನ್ನು ತಾರೀಕಿನ ಸಮೇತ ಬರೆದಿಟ್ಟುಕೊಳ್ಳಬೇಕು. ‘ನಾಲ್ಕೈದು ದಿನದಿಂದ’ ಎಂಬ ಉತ್ತರ ಸಾಲದು, ಏಕೆಂದರೆ ಯಾವ ದಿನ ಯಾವ ಪರೀಕ್ಷೆ ಮಾಡಬೇಕೆಂಬುದು ಆ ತಾರೀಕಿನ ಮೇಲೆಯೇ ನಿಂತಿದೆ. ಅದರ ಹಿಂದಿನ ಒಂದು ತಿಂಗಳಲ್ಲಿ ರೋಗಿ ಎಲ್ಲಿಗೆ ಹೋಗಿದ್ದರು, ನಿಂತ ನೀರಿಗೋ ಕೆಸರಿಗೋ ಇಳಿದಿದ್ದರೇ, ಕಾಯಿಸದ ಹಾಲು ಕುಡಿದಿದ್ದರೇ, ಯಾವುದಾದರೂ ಪ್ರಾಣಿ ಕಚ್ಚಿತ್ತೇ ಅಥವಾ ಪರಚಿತ್ತೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೇ ಬಗೆಯ ಕಾಯಿಲೆ ಇದೆಯೇ ಎಂದು ಕೇಳಬೇಕು. ಸೋಂಕು ತಗಲಿದ ದಿನದಿಂದ ಲಕ್ಷಣ ಕಾಣಿಸುವವರೆಗಿನ ಅವಧಿ ಪ್ರತಿ ರೋಗಕ್ಕೂ ಬೇರೆ. ಇಲಿಜ್ವರಕ್ಕೆ ಸಾಮಾನ್ಯವಾಗಿ 5ರಿಂದ 14 ದಿನ ಬೇಕಾದರೆ, ರೇಬೀಸಿಗೆ ಹೆಚ್ಚಿನ ಸಂದರ್ಭಗಳಲ್ಲಿ ಒಂದರಿಂದ ಮೂರು ತಿಂಗಳು ಬೇಕಾಗುತ್ತದೆ. ಮಲೇರಿಯಾ ಸೊಳ್ಳೆ ಕಚ್ಚಿ ಒಂದು ವಾರವಾದರೂ ಆಗದೆ ಜ್ವರ ಬರುವುದಿಲ್ಲ; ಹಾಗಾಗಿ ಮಲೇರಿಯಾ ಇರುವ ಜಾಗಕ್ಕೆ ಕಾಲಿಟ್ಟ ಮೂರನೆಯ ದಿನವೇ ಬಂದ ಜ್ವರಕ್ಕೆ ಬೇರೆ ಕಾರಣವನ್ನು ಹುಡುಕಬೇಕು.

ಪ್ರಾಣಿಗಳ ವಿಷಯದಲ್ಲಿ ಪ್ರಶ್ನೆಗಳು ಸ್ವಲ್ಪ ಬದಲಾಗುತ್ತವೆ. ಕೊಟ್ಟಿಗೆಗೆ ಹೊಸ ಪ್ರಾಣಿ ಯಾವಾಗ ಬಂತು, ಯಾವ ಲಸಿಕೆಯನ್ನು ಯಾವ ತಿಂಗಳು ಹಾಕಿಸಿದ್ದು, ಎಷ್ಟು ಪ್ರಾಣಿಗಳಿಗೆ ಕಾಯಿಲೆ ಬಂದಿದೆ, ಗಬ್ಬದ ಹಸು ಯಾವುದಾದರೂ ಕಂದು ಹಾಕಿತ್ತೇ (ಗರ್ಭಪಾತವಾಗಿತ್ತೇ) ಎಂದು ವಿಚಾರಿಸಬೇಕು. ಜ್ವರವನ್ನು ಕೈಯಿಂದ ಮುಟ್ಟಿ ಹೇಳಬಾರದು. ಹಸುವಿನ ಸಹಜ ಉಷ್ಣತೆಯೇ ಸುಮಾರು 38ರಿಂದ 39.3 ಡಿಗ್ರಿ ಸೆಲ್ಸಿಯಸ್, ನಾಯಿಯದೂ ಹೆಚ್ಚು ಕಡಿಮೆ ಅಷ್ಟೇ ಆಗಿರುವುದರಿಂದ ನಮ್ಮ ಕೈಗೆ ಅವು ಯಾವಾಗಲೂ ಬಿಸಿಯಾಗಿಯೇ ತೋರುತ್ತವೆ. ಥರ್ಮಾಮೀಟರನ್ನು ಗುದದ್ವಾರದೊಳಗೆ ಇಟ್ಟಾಗ ಅದರ ತುದಿ ಒಳಗೋಡೆಗೆ ತಾಗುವಂತೆ ಸ್ವಲ್ಪ ಓರೆಯಾಗಿ ಹಿಡಿಯಬೇಕು. ತುದಿ ಸಗಣಿಯೊಳಗೆ ಹೂತುಕೊಂಡರೆ ಅಂಕಿ ಕಡಿಮೆ ಬರುತ್ತದೆ ಮತ್ತು ಜ್ವರವಿದ್ದರೂ ಇಲ್ಲವೆಂದು ಬರೆಯುವಂತಾಗುತ್ತದೆ.

ಕಾಯಲಾಗದ ಸಂದರ್ಭಗಳು

ಮಾದರಿ ಮೊದಲು ಎಂಬ ನಿಯಮಕ್ಕೆ ಒಂದು ಮಿತಿಯಿದೆ. ಜ್ವರದ ಜೊತೆಗೆ ಮಂಪರು ಅಥವಾ ಗೊಂದಲ, ಏದುಸಿರು, ಕುತ್ತಿಗೆ ಬಿಗಿತ, ಮೂತ್ರ ನಿಂತುಹೋಗುವುದು, ಒತ್ತಿದರೂ ಮಾಸದ ಕೆಂಪು ಚುಕ್ಕೆಗಳು ಕಂಡರೆ, ಅಥವಾ ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಜ್ವರ ಬಂದರೆ, ಅದು ತುರ್ತು ಚಿಕಿತ್ಸೆಯ ವಿಷಯ. ಸೋಂಕು ರಕ್ತಕ್ಕೆ ಹರಡಿ ರಕ್ತದೊತ್ತಡ ಕುಸಿಯುತ್ತಿರುವ ರೋಗಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೊಟಿಕ್ ಸಿಗಬೇಕು. ಅಲ್ಲಿಯೂ ಡ್ರಿಪ್ಪಿಗೆಂದು ಸೂಜಿ ಹಾಕುವಾಗಲೇ ಕಲ್ಚರಿಗೆ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆಯಲು ಎರಡು ನಿಮಿಷ ಸಾಕು. ಅದು ಸಾಧ್ಯವಾಗದಿದ್ದರೆ ಮದ್ದನ್ನು ತಡೆಹಿಡಿಯಬಾರದು.

ಮಾದರಿ ತೆಗೆಯುವ ಬಗೆ

ಪ್ರಯೋಗಾಲಯ ಎಷ್ಟೇ ಒಳ್ಳೆಯದಾಗಿದ್ದರೂ ಕೆಟ್ಟ ಮಾದರಿಯಿಂದ ಸರಿಯಾದ ಉತ್ತರವನ್ನು ಕೊಡಲಾರದು. ರಕ್ತದ ಕಲ್ಚರಿನಲ್ಲಿ ನಡೆಯುವ ದೊಡ್ಡ ತಪ್ಪೆಂದರೆ ಚರ್ಮಕ್ಕೆ ಸ್ಪಿರಿಟ್ ಒರೆಸಿದ ಕ್ಷಣವೇ ಸೂಜಿ ಚುಚ್ಚುವುದು. ಸ್ಪಿರಿಟ್ ಅಥವಾ ಕ್ಲೋರ್‌ಹೆಕ್ಸಿಡಿನ್ ತಾನಾಗಿ ಒಣಗುವವರೆಗೆ, ಅಂದರೆ ಸುಮಾರು ಅರ್ಧ ನಿಮಿಷ, ಕಾಯಬೇಕು. ಆಮೇಲೆ ಬೆರಳಿನಿಂದ ನರವನ್ನು ಮತ್ತೆ ಮುಟ್ಟಿ ನೋಡಬಾರದು. ವಯಸ್ಕರಾದರೆ ಪ್ರತಿ ಸೀಸೆಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು, ಮತ್ತು ಎರಡು ಬೇರೆ ಬೇರೆ ಜಾಗಗಳಿಂದ ತೆಗೆಯಬೇಕು. ಚರ್ಮದ ಮೇಲೆ ಸಹಜವಾಗಿ ಇರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಒಂದೇ ಸೀಸೆಯಲ್ಲಿ ಬೆಳೆದರೆ ಅದು ಸೂಜಿಯ ಜೊತೆ ಒಳಗೆ ಬಂದದ್ದಿರಬಹುದು, ಎರಡು ಕಡೆಯ ರಕ್ತದಲ್ಲಿಯೂ ಬೆಳೆದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂದೇ ಸೀಸೆ ಕಳುಹಿಸಿದಾಗ ಈ ವ್ಯತ್ಯಾಸವನ್ನು ತಿಳಿಯಲು ದಾರಿಯೇ ಇರುವುದಿಲ್ಲ.

ಮೂತ್ರವಾದರೆ ಮೊದಲು ಬರುವುದನ್ನು ಬಿಟ್ಟು ನಡುವಿನದನ್ನು ಹಿಡಿದು ಎರಡು ಗಂಟೆಯೊಳಗೆ ತಲುಪಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಕಫವೆಂದರೆ ಎದೆಯಾಳದಿಂದ ಕೆಮ್ಮಿ ತೆಗೆದದ್ದು, ಬಾಯಿಯ ಎಂಜಲಲ್ಲ. ಕೀವು ಇದ್ದಲ್ಲಿ ಹತ್ತಿಕಡ್ಡಿಗಿಂತ ಸಿರಿಂಜಿನಲ್ಲಿ ಎಳೆದ ಕೀವು ಎಷ್ಟೋ ಮೇಲು.

ಕೆಚ್ಚಲು ಬಾವಿಗೆ ಹಾಲು ತೆಗೆಯುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಗಣಿ ಬಿದ್ದ ಹಾಲಿನ ಮಾದರಿಗಳೇ ನಮಗೆ ಹೆಚ್ಚಾಗಿ ಬರುವುದು. ಕೈಯನ್ನು ತೊಳೆದು, ಮೊಲೆತೊಟ್ಟುಗಳನ್ನು ಒಣಬಟ್ಟೆಯಿಂದ ಒರೆಸಿ, ಪ್ರತಿ ತೊಟ್ಟಿನಿಂದ ಮೊದಲ ಮೂರು ನಾಲ್ಕು ಸೆಲೆಗಳನ್ನು ಬೇರೆ ಪಾತ್ರೆಗೆ ಹಿಂಡಿ ಚೆಲ್ಲಬೇಕು. ನಂತರ 70 ಶೇಕಡಾ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ತೊಟ್ಟಿನ ತುದಿಯನ್ನು ಹತ್ತಿ ಕೊಳೆಯಾಗದಷ್ಟು ಸಲ ಉಜ್ಜಬೇಕು. ಶುಚಿ ಮಾಡುವಾಗ ನಿಮ್ಮಿಂದ ದೂರದ ತೊಟ್ಟುಗಳಿಂದ ಶುರುಮಾಡಿ ಹತ್ತಿರದವಕ್ಕೆ ಬರಬೇಕು, ಹಾಲನ್ನು ಹಿಡಿಯುವಾಗ ಹತ್ತಿರದವುಗಳಿಂದ ಶುರುಮಾಡಿ ದೂರದವಕ್ಕೆ ಹೋಗಬೇಕು. ಹೀಗೆ ಮಾಡಿದರೆ ಶುಚಿಯಾದ ತೊಟ್ಟಿಗೆ ತೋಳು ತಾಗುವುದಿಲ್ಲ. ಸೀಸೆಯನ್ನು ನೆಟ್ಟಗೆ ಹಿಡಿಯದೆ ವಾಲಿಸಿ ಹಿಡಿದರೆ ಹೊಟ್ಟೆಯ ಕೂದಲು, ಧೂಳು ಒಳಗೆ ಉದುರುವುದು ತಪ್ಪುತ್ತದೆ. ಕೆಲವೇ ಮಿಲಿಲೀಟರ್ ಹಾಲು ಸಾಕು, ಆದರೆ ತಲುಪುವವರೆಗೂ ಅದು ತಣ್ಣಗಿರಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳುತ್ತೇನೆ. ಚೆನ್ನಾಗಿದ್ದ ದನವೋ ಕುರಿಯೋ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ನೆರಡಿ ರೋಗವೆಂದು (ಆಂಥ್ರಾಕ್ಸ್) ಶಂಕಿಸಬೇಕು, ಮತ್ತು ಆ ದೇಹವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಮುಚ್ಚಿದ ದೇಹದೊಳಗೆ ಕೊಳೆತು ಸಾಯುವ ಆ ರೋಗಾಣು ಗಾಳಿ ತಾಗಿದೊಡನೆ ಗಟ್ಟಿಯಾದ ಬೀಜಕಗಳಾಗಿ ಬದಲಾಗುತ್ತದೆ, ಮತ್ತು ಆ ಬೀಜಕಗಳು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಪಶುವೈದ್ಯರು ಬಂದು ಕಿವಿಯ ನರದಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡರೆ ಪರೀಕ್ಷೆಗೆ ಅಷ್ಟೇ ಸಾಕಾಗುತ್ತದೆ.

ಯಾವ ದಿನ ಯಾವ ಪರೀಕ್ಷೆ

ಮೊದಲ ದಿನಗಳಲ್ಲಿ ರೋಗಾಣುವನ್ನೇ ಹುಡುಕಬೇಕು, ಆಮೇಲೆ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕಬೇಕು. ಹೆಚ್ಚಿನ ಗೊಂದಲಗಳೆಲ್ಲ ಈ ಒಂದು ಮಾತನ್ನು ಮರೆತಾಗ ಹುಟ್ಟುತ್ತವೆ. ಡೆಂಗಿಗೆ ಮೊದಲ ಐದು ದಿನಗಳಲ್ಲಿ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್1, ಅನಂತರ ಮೊದಲು ಹುಟ್ಟುವ ಪ್ರತಿಕಾಯವಾದ ಐಜಿಎಂ. ಇಲಿಜ್ವರಕ್ಕೆ ಮೊದಲ ವಾರ ರಕ್ತದ ಪಿಸಿಆರ್ (ರೋಗಾಣುವಿನ ಡಿಎನ್‌ಎಯನ್ನು ಹುಡುಕುವ ಪರೀಕ್ಷೆ), ನಂತರ ಪ್ರತಿಕಾಯ. ಟೈಫಾಯ್ಡಿಗೆ ಮೊದಲ ವಾರದ ರಕ್ತದ ಕಲ್ಚರನ್ನು ನಂಬಬಹುದು. ಪ್ರತಿಕಾಯವನ್ನು ನೋಡುವ ಒಂದೇ ಒಂದು ವೈಡಾಲ್ ಪರೀಕ್ಷೆಯನ್ನು ನೆಚ್ಚಿಕೊಂಡು ಟೈಫಾಯ್ಡ್ ಎಂದು ಹೇಳುವುದು ನನ್ನ ಮಟ್ಟಿಗೆ ಸರಿಯಲ್ಲ, ಏಕೆಂದರೆ ಹಳೆಯ ಸೋಂಕು, ಲಸಿಕೆ, ಬೇರೆ ಜ್ವರಗಳು ಕೂಡ ಅದನ್ನು ಪಾಸಿಟಿವ್ ಮಾಡಬಲ್ಲವು. ಮಲೇರಿಯಾದ ರಕ್ತಲೇಪ ಒಮ್ಮೆ ನೆಗೆಟಿವ್ ಬಂದರೂ ಅನುಮಾನ ಉಳಿದಿದ್ದರೆ 12ರಿಂದ 24 ಗಂಟೆಗಳ ಅಂತರದಲ್ಲಿ ಮತ್ತೆ ನೋಡಬೇಕು. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಪ್ರಕಟಿಸಿದ, ರೋಗಾಣುಗಳಿಗೆ ಬಣ್ಣ ಹಚ್ಚುವ ವಿಧಾನವನ್ನು ಇಂದಿಗೂ ಬಿಡಲಾಗಿಲ್ಲ. ಕಲ್ಚರಿಗೆ ಎರಡು ದಿನ ಬೇಕಾದರೆ, ಕೀವಿನ ಒಂದು ಹನಿಯಲ್ಲಿ ನೇರಳೆ ಗೊಂಚಲುಗಳಿವೆಯೋ ಕೆಂಪು ಕಡ್ಡಿಗಳಿವೆಯೋ ಎಂಬುದು ಕೆಲವೇ ನಿಮಿಷಗಳಲ್ಲಿ ಕಣ್ಣಿಗೆ ಬೀಳುತ್ತದೆ.

ಪಾಸಿಟಿವ್ ಎಂದರೆ ರೋಗವಿದೆ ಎಂದೇ ಅರ್ಥವಲ್ಲ. ಸಾವಿರ ಜನರಲ್ಲಿ ಹತ್ತು ಮಂದಿಗೆ ಒಂದು ಸೋಂಕು ಇದೆ, ಪರೀಕ್ಷೆ ಅವರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ ಮತ್ತು ಸೋಂಕಿಲ್ಲದವರಲ್ಲಿ ನೂರಕ್ಕೆ ಐದು ಮಂದಿಯನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಆಗ ಪಾಸಿಟಿವ್ ಬಂದ ಸುಮಾರು 59 ಮಂದಿಯಲ್ಲಿ ನಿಜವಾಗಿ ಸೋಂಕಿರುವವರು 9 ಮಂದಿ ಮಾತ್ರ. ಲಕ್ಷಣವೇ ಇಲ್ಲದವರಿಗೆ ಸಿಕ್ಕ ಪರೀಕ್ಷೆಗಳನ್ನೆಲ್ಲ ಮಾಡಿಸಬಾರದು ಎನ್ನುವುದು ಇದಕ್ಕಾಗಿಯೇ.

ವರದಿ ಬಂದ ಮೇಲೆ ಚಿಕಿತ್ಸೆ

ಔಷಧ ಸಂವೇದನೆಯ ಪರೀಕ್ಷೆಯಲ್ಲಿ ರೋಗಾಣುವನ್ನು ತಟ್ಟೆಯ ತುಂಬ ಸವರಿ, ಅದರ ಮೇಲೆ ಬೇರೆ ಬೇರೆ ಆ್ಯಂಟಿಬಯೊಟಿಕ್ ತುಂಬಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಮರುದಿನ ನೋಡಿದಾಗ ತಟ್ಟೆಯ ಮೇಲೆಲ್ಲ ಮಂಜು ಕವಿದಂತೆ ರೋಗಾಣು ಹಬ್ಬಿರುತ್ತದೆ. ಕೆಲವು ಬಿಲ್ಲೆಗಳ ಸುತ್ತ ಮಾತ್ರ ತಿಳಿಯಾದ ವೃತ್ತವಿರುತ್ತದೆ, ಕೆಲವುಗಳ ಅಂಚಿನವರೆಗೂ ಮಂಜು ಬಂದು ತಾಗಿರುತ್ತದೆ. ಪ್ರತಿ ಔಷಧಕ್ಕೂ ಅದರದೇ ಅಳತೆಯಿರುವುದರಿಂದ ದೊಡ್ಡ ವೃತ್ತವಿರುವ ಔಷಧವೇ ಹೆಚ್ಚು ಒಳ್ಳೆಯದೆಂದು ತಿಳಿಯಬಾರದು. ‘ಎಸ್’ (ಆ ಔಷಧಕ್ಕೆ ರೋಗಾಣು ಮಣಿಯುತ್ತದೆ) ಎಂದು ಬಂದವುಗಳಲ್ಲಿ ಸೋಂಕಿರುವ ಅಂಗಕ್ಕೆ ತಲುಪುವ, ಸಾಧ್ಯವಾದಷ್ಟು ಕಡಿಮೆ ಬಗೆಯ ರೋಗಾಣುಗಳನ್ನು ಕೊಲ್ಲುವ ಔಷಧವನ್ನು ವೈದ್ಯರು ಆರಿಸಿಕೊಳ್ಳುತ್ತಾರೆ.

ಶುರುಮಾಡಿದ ಮೇಲೆ 48ರಿಂದ 72 ಗಂಟೆಗಳ ನಂತರ ಮತ್ತೆ ಪರಿಶೀಲಿಸಬೇಕು. ಟೈಫಾಯ್ಡಿನಲ್ಲಿ ಸರಿಯಾದ ಮದ್ದು ಕೊಟ್ಟರೂ ಜ್ವರ ಇಳಿಯಲು ಹಲವು ದಿನ ಹಿಡಿಯುವುದುಂಟು, ಹಾಗಾಗಿ ಎರಡನೆಯ ದಿನವೇ ಮದ್ದನ್ನು ಬದಲಾಯಿಸುವುದು ತಪ್ಪು. ಔಷಧಕ್ಕೆ ಸ್ಪಂದಿಸುವ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು, ದನಗಳು ಕಂದು ಹಾಕುವಂತೆ ಮಾಡುವ, ಮನುಷ್ಯರಿಗೂ ತಗಲುವ ಬ್ರುಸೆಲ್ಲಾ ಬ್ಯಾಕ್ಟೀರಿಯಾದ ಸೋಂಕಿಗೆ ಎರಡು ಔಷಧಗಳನ್ನು ಕೂಡಿಸಿ ಆರು ವಾರ ಕೊಡುವುದು ರೂಢಿ. ಹಗುರವೆನಿಸಿತೆಂದು ನಡುವೆ ನಿಲ್ಲಿಸಿದರೆ ಎರಡೂ ಮರುಕಳಿಸುತ್ತವೆ. ಡೆಂಗಿಗಾಗಲಿ ದನಗಳ ಕಾಲುಬಾಯಿ ಜ್ವರಕ್ಕಾಗಲಿ ಆ್ಯಂಟಿಬಯೊಟಿಕ್‌ನಿಂದ ವೈರಸ್ ಸಾಯುವುದಿಲ್ಲ. ಡೆಂಗಿ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಮನುಷ್ಯರ ಮಾತ್ರೆಯನ್ನು ಪ್ರಾಣಿಗಳಿಗೆ ಕೊಡುವ ಅಭ್ಯಾಸವಂತೂ ಅಪಾಯಕಾರಿ. ನಮಗೆ ಸಾಧಾರಣವಾದ ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಆ್ಯಂಟಿಬಯೊಟಿಕ್ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಯಾರೂ ಬಳಸಬಾರದು.

ಪರೀಕ್ಷೆಗೆ ಕಾಯದ ರೋಗ

ರೇಬೀಸ್ ಮಾತ್ರ ಈ ಕ್ರಮಕ್ಕೆ ಒಗ್ಗುವುದಿಲ್ಲ. ಕಚ್ಚಿಸಿಕೊಂಡವರ ದೇಹದಲ್ಲಿ ವೈರಸ್ ಇದೆಯೇ ಎಂದು ಲಕ್ಷಣಗಳಿಗೆ ಮೊದಲು ಹೇಳುವ ಪರೀಕ್ಷೆಯಿಲ್ಲ, ಲಕ್ಷಣ ಕಾಣಿಸಿದ ಮೇಲೆ ಬದುಕುವುದು ತೀರಾ ಅಪರೂಪ. ಆದ್ದರಿಂದ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದು, ಅದೇ ದಿನ ಲಸಿಕೆಯನ್ನು ಶುರುಮಾಡಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಮತ್ತು ಒಳಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು, ಏಕೆಂದರೆ ಲಸಿಕೆಯಿಂದ ಪ್ರತಿಕಾಯ ಹುಟ್ಟಲು ವಾರದಷ್ಟು ಸಮಯ ಹಿಡಿಯುತ್ತದೆ. ಕಚ್ಚಿದ ನಾಯಿ ಅಥವಾ ಬೆಕ್ಕನ್ನು ಹತ್ತು ದಿನ ಗಮನಿಸುವುದು ಸರಿ, ಆದರೆ ಆ ಹತ್ತು ದಿನ ಮುಗಿಯಲೆಂದು ಲಸಿಕೆಯನ್ನು ಮುಂದೂಡಬಾರದು.

ಕೊನೆಯದಾಗಿ ಮಾದರಿಯ ಜೊತೆ ಕಳುಹಿಸುವ ಚೀಟಿ. ಬೆನ್ನುನೋವು, ರಾತ್ರಿ ಬೆವರು, ಬಂದು ಹೋಗುವ ಜ್ವರ ಇರುವವರು ಕಂದು ಹಾಕಿದ ಹಸುವಿನ ಸತ್ತೆಯನ್ನು (ಮಾಸನ್ನು) ಬರಿಗೈಯಲ್ಲಿ ಎತ್ತಿದ್ದರೆ, ಅದನ್ನು ವೈದ್ಯರಿಗೆ ಹೇಳುವುದಷ್ಟೇ ಅಲ್ಲ, ಚೀಟಿಯ ಮೇಲೂ ಬರೆಸಬೇಕು. ಬ್ರುಸೆಲ್ಲಾ ನಿಧಾನವಾಗಿ ಬೆಳೆಯುವುದರಿಂದ ಸೀಸೆಯನ್ನು ಬೇಗ ಎಸೆಯದೆ ಇಟ್ಟುಕೊಳ್ಳಲು ಆ ಒಂದು ಸಾಲು ನೆರವಾಗುತ್ತದೆ. ಜೊತೆಗೆ, ಗಾಳಿಯ ಮೂಲಕವೂ ತಗಲಬಲ್ಲ ಆ ರೋಗಾಣುವಿನ ತಟ್ಟೆಯನ್ನು ಮೂಸಿ ನೋಡದೆ, ರಕ್ಷಣೆಯ ಪೆಟ್ಟಿಗೆಯೊಳಗೆ ಮಾತ್ರ ತೆರೆಯಬೇಕೆಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಗೊತ್ತಾಗುತ್ತದೆ.